ಮಡಿಕೇರಿ ಚಳಿಗೆ ಕ್ಯೋಲ್ಶ್ ಬಿಯರ್ ಅರ್ಧಕ್ಕೇ ನಿಂತಿದೆ, ಏನು ಮಾಡಲಿ?

ಮಂಜಿನಮನೆ:
ಮನೆಯಲ್ಲಿ ದ್ರಾಕ್ಷಿ, ಶುಂಠಿ ವೈನ್ ಮಾಡಿ ಅಭ್ಯಾಸ ಇದೆ, ಬಿಯರ್ ಇದೇ ಮೊದಲು. ಕ್ಯೋಲ್ಶ್ ಥರದ್ದು, ಅಂದರೆ ಜರ್ಮನಿಯ ಕೊಲೋನ್ ಊರಿನ ತಿಳಿ ಬಿಯರ್, ಹತ್ತು ಲೀಟರ್. ಪಿಲ್ಸ್ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸ್ವಲ್ಪ ಗೋಧಿ ಮಾಲ್ಟ್, ಕೆ-97 ಯೀಸ್ಟ್. ಶುರುವಿನಲ್ಲಿ ಗ್ರಾವಿಟಿ (ಸಕ್ಕರೆ ಎಷ್ಟಿದೆ ಅನ್ನುವ ಅಳತೆ, ಹುದುಗಿದ ಹಾಗೆ ಇಳಿಯುತ್ತದೆ) 1.046. ಹಿಂದಿನ ಕೋಣೆಯಲ್ಲಿಟ್ಟಿದ್ದೆ, ಹಗಲು 17 ಡಿಗ್ರಿ ಇರುತ್ತದೆ, ಈ ವಾರ ರಾತ್ರಿ 12ಕ್ಕೆ ಇಳಿಯುತ್ತಿದೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ದಿನಾ ನೋಡಲೂ ಆಗಲಿಲ್ಲ. ಹನ್ನೊಂದು ದಿನ ಆಯ್ತು, 1.016ರಲ್ಲೇ ನಿಂತಿದೆ, ಗುಳ್ಳೆ ಇಲ್ಲ, ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಕೆಟ್ಟುಹೋಯ್ತಾ? ಬಾಟಲಿಗೆ ತುಂಬಿಬಿಡಲಾ?

ತೋಟದಂಚು:
ದಯವಿಟ್ಟು ಈಗ ತುಂಬಬೇಡಿ! ಉಳಿದ ಸಕ್ಕರೆ ಬಾಟಲಿಯೊಳಗೇ ಹುದುಗಿದರೆ ಗಾಜು ಸಿಡಿಯುತ್ತದೆ, ನನ್ನ ಸ್ಟೋರ್ ರೂಮಿನಲ್ಲಿ ಒಮ್ಮೆ ಆಗಿದೆ, ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಕೆಟ್ಟಿಲ್ಲ ಬಿಡಿ, ಯೀಸ್ಟ್ ಚಳಿಗೆ ಮಲಗಿದೆ ಅಷ್ಟೆ. ಆ ವಾಸನೆ ಗಂಧಕದ್ದು, ಹುದುಗುವಾಗ ಬರುವುದೇ, ಗುಳ್ಳೆಯ ಜೊತೆ ಮೆಲ್ಲಗೆ ಹೋಗುತ್ತದೆ. ಡಬ್ಬಿಯನ್ನು ಅಡುಗೆಮನೆಗೆ ತನ್ನಿ, ಒಲೆಗೆ ತೀರಾ ಹತ್ತಿರ ಬೇಡ, 18ರಿಂದ 20 ಡಿಗ್ರಿ ಸಾಕು. ಮುಚ್ಚಳ ತೆಗೆಯದೆ ಸ್ವಲ್ಪ ಅಲುಗಿಸಿ, ತಳದ ಯೀಸ್ಟ್ ಮೇಲೇಳಲಿ. 1.010ರ ಆಸುಪಾಸಿಗೆ ಇಳಿದು ಮೂರು ದಿನ ಅಲ್ಲೇ ನಿಂತರೆ ಮುಗಿಯಿತು ಅಂತ ಲೆಕ್ಕ.

ಗೋಣಿಕೊಪ್ಪದವಳು:
ಅಣ್ಣ ಹೇಳಿದ್ದು ಸರಿ. ಆದರೆ ಅದಾದ ಮೇಲೆ ತಣ್ಣಗೆ ಇಡುವುದನ್ನು ಮಾತ್ರ ಬಿಡಬೇಡಿ. ಕ್ಯೋಲ್ಶ್ ಬೆಚ್ಚಗೆ ಕೆಲಸ ಮಾಡುವ ಏಲ್ ಯೀಸ್ಟಿನಲ್ಲಿ ಹುದುಗಿದರೂ ಆಮೇಲೆ ಲಾಗರ್ ಬಿಯರ್ ಥರ ಚಳಿಯಲ್ಲಿ ಕೂರಬೇಕು, ಅದರ ರುಚಿ ಅಲ್ಲೇ ಇರುವುದು. ನಾನು ಮೊದಲ ಸಲ ಅವಸರಪಟ್ಟು ಕುಡಿದೆ, ಕದಡಿದ ಹಾಗಿತ್ತು, ಹಣ್ಣಿನ ವಾಸನೆ ಜಾಸ್ತಿ. ಕೆ-97 ತಳಕ್ಕೆ ಕೂರುವುದು ನಿಧಾನ. 2 ಡಿಗ್ರಿಯಲ್ಲಿ ನಾಲ್ಕು ವಾರ ಕೊಡಿ.

ಮಂಜಿನಮನೆ:
ಮನೆಯಲ್ಲಿ ಒಂದೇ ಫ್ರಿಜ್ ಅಕ್ಕ, ಅದರ ತುಂಬಾ ಅಮ್ಮನ ಪಂದಿ ಮಾಂಸ. ಡಬ್ಬಿ ಹಿಡಿಸಲ್ಲ.

ಗೋಣಿಕೊಪ್ಪದವಳು:
ಹಾಗಾದರೆ ಹುದುಗುವುದು ಪೂರ್ತಿ ಮುಗಿದ ಮೇಲೆ ಮೊದಲು ಬಾಟಲಿಗೆ ತುಂಬಿ, ಲೀಟರಿಗೆ 6 ಗ್ರಾಂ ಸಕ್ಕರೆ. ಅಡುಗೆಮನೆಯಲ್ಲೇ ಎರಡು ವಾರ ಇಟ್ಟು ಗ್ಯಾಸ್ ಕೂಡಿದ ಮೇಲೆ ನಾಲ್ಕು ನಾಲ್ಕೇ ಫ್ರಿಜ್ ಬಾಗಿಲಿಗೆ ಸೇರಿಸಿ.

ಊರುಬಿಟ್ಟವ:
ಕೊಲೋನ್ ನಗರದಲ್ಲಿ ಇದನ್ನು 200 ಎಂಎಲ್‌ನ ಸಣ್ಣ ಉದ್ದ ಗ್ಲಾಸಿನಲ್ಲಿ ಕೊಡುತ್ತಾರೆ. ಖಾಲಿಯಾದ ಹಾಗೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ, ಸಾಕು ಅಂದರೆ ಗ್ಲಾಸಿನ ಕೆಳಗಿಟ್ಟಿರುವ ರಟ್ಟನ್ನು ಅದರ ಬಾಯಿ ಮೇಲೆ ಮುಚ್ಚಬೇಕು. 1986ರ ಒಪ್ಪಂದದ ಪ್ರಕಾರ ಆ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಕ್ಯೋಲ್ಶ್ ಅನ್ನಬಹುದು. ನಿಮ್ಮದಕ್ಕೆ ಊರಿನ ಹೆಸರೇ ಇಡಿ, ಚೆನ್ನಾಗಿರುತ್ತದೆ.

ಮಂಜಿನಮನೆ:
ಅಡುಗೆಮನೆಗೆ ತಂದು ಮೂರು ದಿನ ಆಯ್ತು. ಇವತ್ತು ಬೆಳಿಗ್ಗೆ 1.012, ಗುಳ್ಳೆ ಮತ್ತೆ ಬರುತ್ತಿದೆ. ಮೊಟ್ಟೆ ವಾಸನೆ ಅರ್ಧಕ್ಕರ್ಧ ಕಡಿಮೆ.