ಪರ್ಸೆಂಟೇಜ್ ಲೆಕ್ಕದಲ್ಲೇ ಟೈಮ್ ಹೋಗುತ್ತಿದೆ, ನೀವೆಲ್ಲ ಹೇಗೆ ಮಾಡಿದಿರಿ?

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಲು ಬರೆಯುವ ನ್ಯೂಮರಿಕಲ್ ರೀಸನಿಂಗ್ ಟೆಸ್ಟ್‌ನಲ್ಲಿ ಎರಡು ಸಲ ಹಿಂದೆ ಬಿದ್ದಿದ್ದೇನೆ. ತಪ್ಪು ಮಾಡಿದ್ದಕ್ಕಿಂತ ಟೈಮ್ ಸಾಲದೆ ಬಿಟ್ಟ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಶೇಕಡಾ ಲೆಕ್ಕ ಬಂದರೆ ಕೈ ಓಡುವುದೇ ಇಲ್ಲ. ಒಂದೊಂದಕ್ಕೆ ಎರಡು ನಿಮಿಷ ಹೋಗುತ್ತದೆ. ಪಾಸಾದವರು ಹೇಗೆ ಅಭ್ಯಾಸ ಮಾಡಿದಿರಿ, ದಯವಿಟ್ಟು ಹೇಳಿ.

ಮೊದಲ ಉತ್ತರ:
ನಾನೂ ನಿಮ್ಮ ಹಾಗೇ ಒದ್ದಾಡಿದವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಗುಣಾಕಾರ ನಿಧಾನ ಅಂದುಕೊಂಡು ತಿಂಗಳುಗಟ್ಟಲೆ ಮಗ್ಗಿ ಉರು ಹೊಡೆದೆ. ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಒಂದು ದಿನ ನನ್ನ ರಫ್ ಹಾಳೆಗಳನ್ನೇ ಹರಡಿಕೊಂಡು ನೋಡಿದೆ. ಒಂದೇ ಪ್ರಶ್ನೆಗೆ ಮೂರು ಸಲ ಭಾಗಾಕಾರ ಶುರು ಮಾಡಿ, ಮೂರು ಸಲ ಹೊಡೆದು ಹಾಕಿದ್ದೆ. ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವುದೇ ಗೊತ್ತಾಗಿರಲಿಲ್ಲ. ಟೈಮ್ ಹೋಗುತ್ತಿದ್ದದ್ದು ಅಲ್ಲಿ.

ಅವತ್ತಿನಿಂದ ಪೆನ್ನು ಎತ್ತುವ ಮೊದಲು ಒಂದೇ ಮಾತು ಕೇಳಿಕೊಳ್ಳುತ್ತೇನೆ: ಯಾವುದರ ಶೇಕಡಾ? ಇದಕ್ಕೆ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. ಪ್ರಶ್ನೆ ಯಾವ ಭಾಷೆಯಲ್ಲೇ ಇರಲಿ, ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಳ್ಳಿ. ಯಾವ ಪದಕ್ಕೆ ‘ಗಿಂತ’ ಹತ್ತುತ್ತದೋ ಆ ಸಂಖ್ಯೆ ಕೆಳಗೆ ಹೋಗುತ್ತದೆ, ಅಂದರೆ ಅದರಿಂದಲೇ ಭಾಗಿಸಬೇಕು. ಕಳೆದ ವರ್ಷ 480 ಜನ, ಈ ವರ್ಷ 600 ಜನ ಅಂತಿಟ್ಟುಕೊಳ್ಳಿ. ವ್ಯತ್ಯಾಸ 120. ‘ಕಳೆದ ವರ್ಷಕ್ಕಿಂತ ಈ ವರ್ಷ ಎಷ್ಟು ಜಾಸ್ತಿ?’ ಅಂದರೆ 480ರಿಂದ ಭಾಗಿಸಿ, ಶೇ. 25. ‘ಈ ವರ್ಷಕ್ಕಿಂತ ಕಳೆದ ವರ್ಷ ಎಷ್ಟು ಕಡಿಮೆ?’ ಅಂದರೆ 600ರಿಂದ ಭಾಗಿಸಿ, ಶೇ. 20. ಸಾಮಾನ್ಯವಾಗಿ ಆಯ್ಕೆಗಳಲ್ಲಿ ಎರಡೂ ಇರುತ್ತವೆ. ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುತ್ತೇವೆ, ಅಲ್ವಾ?

ಹಿಂದಕ್ಕೆ ಹೋಗುವ ಲೆಕ್ಕದಲ್ಲೂ ಇದೇ ಕಥೆ. ಶೇ. 15 ಏರಿದ ಮೇಲೆ 920 ಆಗಿದೆ, ಮೊದಲು ಎಷ್ಟಿತ್ತು? ನಾನು 920ರಲ್ಲಿ ಶೇ. 15 ಕಳೆದು 782 ಅಂತ ಬರೆಯುತ್ತಿದ್ದೆ. ಆದರೆ ಏರಿದ್ದು ಹಳೇ ಸಂಖ್ಯೆಯ ಮೇಲೆ, 920ರ ಮೇಲೆ ಅಲ್ಲ. ಹಳೆಯದು 100 ಭಾಗ ಆದರೆ ಈಗಿನದು 115 ಭಾಗ. 115 ಭಾಗ 920 ಆದರೆ ಒಂದು ಭಾಗ 8. ಹಾಗಾದರೆ ಮೊದಲಿದ್ದದ್ದು 800. ಈ ‘ಭಾಗ’ದ ದಾರಿ ಹಿಡಿದ ಮೇಲೆ ಇಂಥ ಪ್ರಶ್ನೆಗೆ ನನಗೆ ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ.

ಎರಡನೇ ಉತ್ತರ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ಬಾಯಿಲೆಕ್ಕ ಬೇಕೇ ಬೇಕು. ನಾನು ಎಲ್ಲವನ್ನೂ ಶೇ. 10 ಮತ್ತು ಶೇ. 1ರಿಂದ ಕಟ್ಟುತ್ತೇನೆ. 640ರ ಶೇ. 35 ಬೇಕು ಅನ್ನಿ. 10 ಅಂದರೆ 64, 30 ಅಂದರೆ 192, 5 ಅಂದರೆ 32. 192ಕ್ಕೆ 32 ಕೂಡಿದರೆ 224.

ಮಗ್ಗಿ ಥರ ಬಾಯಿಗೆ ಬರಬೇಕಾದದ್ದು ಭಿನ್ನರಾಶಿಗಳು. ಶೇ. 12.5 ಅಂದರೆ ಎಂಟರಲ್ಲಿ ಒಂದು. 37.5 ಅಂದರೆ ಎಂಟರಲ್ಲಿ ಮೂರು. ಆರರಲ್ಲಿ ಒಂದು ಅಂದರೆ ಸುಮಾರು 16.67, ಏಳರಲ್ಲಿ ಒಂದು ಸುಮಾರು 14.29. 728ರ ಶೇ. 37.5 ಅಂತ ನೋಡಿದರೆ ಭಯ ಆಗುತ್ತದೆ. 728ನ್ನು 8ರಿಂದ ಭಾಗಿಸಿದರೆ 91, ಅದರ ಮೂರರಷ್ಟು 273. ಮುಗಿಯಿತು.

ಇನ್ನೊಂದು ನನಗೆ ಬಹಳ ಇಷ್ಟ. 25ರ ಶೇ. 48 ಮತ್ತು 48ರ ಶೇ. 25 ಎರಡೂ ಒಂದೇ. ಹಾಗಾಗಿ ಸುಮ್ನೆ ತಿರುಗಿಸಿ, 48ರ ಕಾಲು ಭಾಗ 12.

ಮೂರನೇ ಉತ್ತರ:
ಆಯ್ಕೆಗಳನ್ನು ಮೊದಲು ನೋಡಿ. 613 ಅನ್ನುವುದು 1987ರ ಶೇಕಡಾ ಎಷ್ಟು, ಆಯ್ಕೆಗಳು 21, 31, 38, 44. ಇದಕ್ಕೆ ಯಾರಾದರೂ ಭಾಗಾಕಾರ ಮಾಡುತ್ತಾರಾ? 2000ಕ್ಕೆ 600 ಅಂದರೆ 30, ಹತ್ತಿರ ಇರುವುದು 31. ಆಯ್ಕೆಗಳು 30.2, 30.9, 31.4 ಅಂತ ಒತ್ತೊತ್ತಾಗಿ ಇದ್ದರೆ ಮಾತ್ರ ಪೂರ್ತಿ ಲೆಕ್ಕ ಮಾಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನನ್ನ ಮುಂದಿನ ಟೆಸ್ಟ್‌ನಲ್ಲಿ ಕ್ಯಾಲ್ಕುಲೇಟರ್ ಕೊಡುತ್ತಾರಂತೆ. ಆಗಲೂ ಇದೆಲ್ಲ ಬೇಕಾ?

ನಾಲ್ಕನೇ ಉತ್ತರ:
ಬೇಕು. ಕ್ಯಾಲ್ಕುಲೇಟರ್ ಇದ್ದರೆ ಪ್ರಶ್ನೆಗಳು ಎರಡು ಮೂರು ಮೆಟ್ಟಿಲಿನವು ಬರುತ್ತವೆ. ಅಲ್ಲಿ ಏರಿಕೆ ಇಳಿಕೆಯನ್ನು ಬೇರೆ ಬೇರೆ ಕೂಡಿ ಕಳೆಯಬೇಡಿ, ನೇರ ಗುಣಿಸಿ. ಶೇ. 8 ಏರಿಕೆ ಅಂದರೆ 1.08, ಶೇ. 5 ಇಳಿಕೆ ಅಂದರೆ 0.95. ಎರಡನ್ನೂ ಗುಣಿಸಿದರೆ 1.026. ಅಂದರೆ ಒಟ್ಟು ಏರಿದ್ದು 2.6, ಮೂರು ಅಲ್ಲ. ಶೇ. 20 ಏರಿ ಶೇ. 20 ಇಳಿದರೆ ಇದ್ದಲ್ಲಿಗೇ ಬಂತು ಅಂದುಕೊಳ್ಳುವವರು ತುಂಬಾ ಜನ. 1.2 ಇಂಟು 0.8 ಮಾಡಿ ನೋಡಿ, 0.96. ಶೇ. 4 ಕಡಿಮೆ.

‘ಪರ್ಸೆಂಟೇಜ್ ಪಾಯಿಂಟ್’ ಅನ್ನುವ ಪದ ಕಂಡರೆ ನಿಂತು ಓದಿ. ಪಾಲು ಶೇ. 40ರಿಂದ 50ಕ್ಕೆ ಹೋದರೆ ಏರಿದ್ದು 10 ಪಾಯಿಂಟ್, ಆದರೆ ಶೇಕಡಾವಾರು ಏರಿಕೆ 25. ಒಂದು ಟೆಸ್ಟ್‌ನಲ್ಲಿ ಇದೊಂದರಲ್ಲೇ ನನ್ನ ಎರಡು ಪ್ರಶ್ನೆ ಹೋದವು.

ಮೊದಲ ಉತ್ತರ ಬರೆದವರು:
ಅಭ್ಯಾಸದ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಮೊದಲ ವಾರ ಗಡಿಯಾರ ಪಕ್ಕಕ್ಕಿಡಿ. ಲೆಕ್ಕ ಮಾಡಲೇಬೇಡಿ, 30 ಪ್ರಶ್ನೆ ತೆಗೆದುಕೊಂಡು ಕೆಳಗೆ ಹೋಗುವ ಸಂಖ್ಯೆಗೆ ಸುತ್ತು ಹಾಕಿ ಅಷ್ಟೇ. ಆಮೇಲೆ ಟೈಮ್ ಇಟ್ಟುಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ ಅಂತ ಸೂಚನೆಯಲ್ಲಿ ಓದಿಕೊಳ್ಳಿ. ಕಳೆಯದಿದ್ದರೆ ಒಂದನ್ನೂ ಖಾಲಿ ಬಿಡಬೇಡಿ.

ಕೇಳಿದವರು:
ಈಗಲೇ ಒಂದು ಹಳೇ ಪ್ರಶ್ನೆ ತೆಗೆದೆ. ಶೇ. 30 ಕಡಿಮೆಯಾದ ಮೇಲೆ 434 ಉಳಿದಿದೆ, ಮೊದಲು ಎಷ್ಟು? 70 ಭಾಗ 434 ಅಂದರೆ ಒಂದು ಭಾಗ 6.2. ಹಾಗಾದರೆ 620. ಸರಿ ಇದೆಯಾ?

ಮೊದಲ ಉತ್ತರ ಬರೆದವರು:
ಸರಿ ಇದೆ! ಬೇಕಾದರೆ ತಾಳೆ ನೋಡಿ. 620ರ ಶೇ. 10 ಅಂದರೆ 62, ಶೇ. 30 ಅಂದರೆ 186. ಕಳೆದರೆ 434.