ಪದಚರ್ಚೆ: ಸೆಶನ್ ಮ್ಯುಸಿಶಿಯನ್, ಟೂರಿಂಗ್ ಮ್ಯುಸಿಶಿಯನ್, ಲೈನಪ್ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ಬ್ಯಾಂಡಿನ ಕತೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ಪದಗಳ ಹತ್ತಿರ ಬರಹ ನಿಂತಿದೆ. ಸೆಶನ್ ಮ್ಯುಸಿಶಿಯನ್ (ರೆಕಾರ್ಡಿಂಗಿಗೆ ಕರೆಸಿದ ವಾದಕ), ಟೂರಿಂಗ್ ಮ್ಯುಸಿಶಿಯನ್ (ಟೂರಿಗೆ ಕರೆಸಿದ ವಾದಕ), ಲೈನಪ್ (ಒಂದು ಕಾಲದಲ್ಲಿ ಬ್ಯಾಂಡಿನಲ್ಲಿ ಇದ್ದವರು). ಮೂರಕ್ಕೂ ಕನ್ನಡದಲ್ಲಿ ಏನೋ ಒಂದು ಹೇಳಿ ಮುಂದೆ ಹೋಗಬಹುದು. ಆದರೆ ಹಾಗೆ ಮಾಡಿದರೆ ಈ ಕತೆಯ ಮುಖ್ಯ ವಿಷಯವೇ ಓದುವವರ ಕೈತಪ್ಪುತ್ತದೆ. ವೇದಿಕೆ ಮೇಲೆ ನುಡಿಸುವವರೆಲ್ಲ ಬ್ಯಾಂಡಿನವರಲ್ಲ, ಬ್ಯಾಂಡಿನವರೆಲ್ಲ ರೆಕಾರ್ಡಿನಲ್ಲಿ ನುಡಿಸಿರುವುದಿಲ್ಲ. ಈ ವ್ಯತ್ಯಾಸ ನಮ್ಮ ಪದಗಳಲ್ಲಿ ಕಾಣಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಈಗ ಚಾಲ್ತಿಯಲ್ಲಿರುವ ಅನುವಾದಗಳನ್ನು ನೋಡೋಣ. ಸೆಶನ್ ಅಂದ ಕೂಡಲೇ ನಿಘಂಟು ‘ಅಧಿವೇಶನ’ ಅನ್ನುತ್ತದೆ. ಹಾಗಾಗಿ ಇಂಗ್ಲಿಷಿನಿಂದ ಬಂದ ಬರಹಗಳಲ್ಲಿ ‘ಅಧಿವೇಶನ ಸಂಗೀತಗಾರ’ ಅನ್ನುವ ಮಾತು ಸೇರಿಕೊಂಡಿದೆ. ಅದನ್ನು ಓದಿದವರಿಗೆ ವಿಧಾನಸಭೆ ನೆನಪಾಗುತ್ತದೆಯೇ ಹೊರತು ಸ್ಟುಡಿಯೊ ಅಲ್ಲ. ‘ಪ್ರವಾಸಿ ಸಂಗೀತಗಾರ’ ಕೂಡ ಹೀಗೇ. ಪ್ರವಾಸಿ ಅಂದರೆ ನಮಗೆ ಊರು ನೋಡಲು ಬಂದವನು. ದುಡಿಮೆಗಾಗಿ ಊರೂರು ಸುತ್ತುವವನಿಗೆ ಆ ಮಾತು ಒಗ್ಗುವುದಿಲ್ಲ. ‘ಸಹ ಕಲಾವಿದ’ ಅನ್ನೋಣವೆಂದರೆ ಅದು ಸಿನಿಮಾದಲ್ಲಿ ಗುಂಪಿನ ನಡುವೆ ನಿಲ್ಲುವವರಿಗೆ ಮೀಸಲಾಗಿಬಿಟ್ಟಿದೆ.

ಇಂಗ್ಲಿಷಿನಲ್ಲಿ ಈ ಸೆಶನ್ ಅಂದರೆ ಏನು? ಅಮೆರಿಕದ ಸಂಗೀತಗಾರರ ಸಂಘದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ 3 ಗಂಟೆಯ ಒಂದು ಪಾಳಿ. ಸ್ಟುಡಿಯೊಗೆ ಬಂದು, ಕೊಟ್ಟದ್ದನ್ನು ನುಡಿಸಿ, ಪಾಳಿಯ ಹಣ ತಗೊಂಡು ಹೋಗುವುದು. ಬ್ಯಾಂಡಿನವರ ಹಾಗೆ ರೆಕಾರ್ಡಿನ ಗಳಿಕೆಯಲ್ಲಿ ಪಾಲು ಸಾಮಾನ್ಯವಾಗಿ ಇರುವುದಿಲ್ಲ. ಇದು ನಮಗೆ ಹೊಸದೇನೂ ಅಲ್ಲ ಅಲ್ವಾ? ಮದ್ರಾಸಿನ ಸ್ಟುಡಿಯೊಗಳಲ್ಲಿ ಕನ್ನಡ ಚಿತ್ರಗಳ ಹಾಡು ರೆಕಾರ್ಡ್ ಆಗುತ್ತಿದ್ದ ಕಾಲದಲ್ಲಿ ವಾದ್ಯದವರು ದುಡಿಯುತ್ತಿದ್ದದ್ದು ಕಾಲ್‌ಶೀಟ್ ಲೆಕ್ಕದಲ್ಲೇ. ಇಳಯರಾಜ ಸ್ವಂತ ಹೆಸರಿನಲ್ಲಿ ಸಂಗೀತ ನಿರ್ದೇಶಕರಾಗುವ ಮೊದಲು ಹೀಗೆ ಗಿಟಾರ್ ನುಡಿಸುತ್ತಿದ್ದರು, ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರೂ ಆಗಿದ್ದರು. ಕೆಲಸ ನಮ್ಮಲ್ಲಿ ಇತ್ತು, ಅದಕ್ಕೆ ಕಾಸಿನ ಲೆಕ್ಕವೂ ಇತ್ತು. ಆದರೆ ಆ ಕೆಲಸ ಮಾಡುವವರಿಗೆ ಬರಹದಲ್ಲಿ ನಿಂತ ಹೆಸರು ಮಾತ್ರ ಇಲ್ಲ. ‘ವಾದ್ಯದವರು’ ಅಂತ ಒಟ್ಟಾಗಿ ಹೇಳಿ ಮುಗಿಸುತ್ತೇವೆ.

‘ಪಕ್ಕವಾದ್ಯದವರು’ ಅಂದರೆ ಸಾಲದೇ ಅಂತ ನೀವು ಕೇಳಬಹುದು. ನನಗೂ ಮೊದಲು ಹೊಳೆದದ್ದು ಅದೇ ಪದ. ಆದರೆ ಸಂಗೀತ ಕಚೇರಿಯ ಕಟ್ಟು ಬೇರೆ. ಅಲ್ಲಿ ಹಾಡುವವರು ಒಬ್ಬರು. ಇವತ್ತು ಪಿಟೀಲಿಗೆ ಒಬ್ಬರು, ನಾಳೆ ಇನ್ನೊಬ್ಬರು. ಮೃದಂಗದವರು ಬದಲಾದರು ಅನ್ನುವುದು ಸುದ್ದಿಯೇ ಅಲ್ಲ. ಯಾರೂ ತಂಡ ಬಿಟ್ಟಿಲ್ಲ, ಯಾರೂ ತಂಡ ಸೇರಿಲ್ಲ, ಯಾಕೆಂದರೆ ಅಲ್ಲಿ ತಂಡ ಅನ್ನುವುದೇ ಇಲ್ಲ. ರಾಕ್ ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಡ್ರಮ್ಮಿನವರಿಗೂ ಗಾಯಕರಷ್ಟೇ ಹಕ್ಕು ಇರಬಹುದು. ಬ್ಯಾಂಡಿನ ಹೆಸರು, ರೆಕಾರ್ಡಿನ ಗಳಿಕೆ, ಟೂರಿನ ಲಾಭ ನಷ್ಟ ಎಲ್ಲದರಲ್ಲೂ ಪಾಲು ಇರಬಹುದು. ಆ ಪಾಲು ಇರುವವರ ಪಕ್ಕದಲ್ಲೇ, ಅದೇ ವೇದಿಕೆ ಮೇಲೆ, ಪಾಲು ಇಲ್ಲದವರು ನಿಂತು ನುಡಿಸುತ್ತಾರೆ. ಪಕ್ಕವಾದ್ಯ ಅಂದರೆ ಈ ಗೆರೆ ಅಳಿಸಿಹೋಗುತ್ತದೆ. ‘ಹಿಮ್ಮೇಳ’ವೂ ಬೇಡ. ಯಕ್ಷಗಾನ ಬಲ್ಲವರಿಗೆ ಗೊತ್ತು, ಹಿಮ್ಮೇಳದಲ್ಲಿ ಕೂತ ಭಾಗವತರೇ ಇಡೀ ಆಟ ನಡೆಸುವವರು. ಬಾಡಿಗೆಗೆ ಕರೆದವರಿಗೆ ಆ ಹೆಸರು ಕೊಡುವುದು ಎರಡೂ ಕಡೆಗೆ ಅನ್ಯಾಯ.

2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಅವತ್ತು ಹೋಗಿದ್ದವರು ಈ ಬಳಗದಲ್ಲೂ ಇರಬಹುದು. ಆಗ ಬ್ಯಾಂಡ್ ಅಂದರೆ ನಾಲ್ಕೇ ಜನ: ಜಾಗರ್, ರಿಚರ್ಡ್ಸ್, ವಾಟ್ಸ್, ವುಡ್. ಬೇಸ್ ಗಿಟಾರ್ ಹಿಡಿದಿದ್ದ ಡ್ಯಾರಿಲ್ ಜೋನ್ಸ್, ಕೀಬೋರ್ಡಿನ ಚಕ್ ಲೀವೆಲ್, ಸ್ಯಾಕ್ಸೊಫೋನಿನ ಬಾಬಿ ಕೀಸ್, ದನಿಗೂಡಿಸುವ ಗಾಯಕರು ಯಾರೂ ಬ್ಯಾಂಡಿನ ಸದಸ್ಯರಲ್ಲ. ಲೀವೆಲ್ 1982ರಿಂದ ಸ್ಟೋನ್ಸ್ ಜೊತೆ ಇದ್ದಾರೆ. ಹಿಂದಿನ ಬೇಸ್ ವಾದಕ ಬಿಲ್ ವೈಮನ್ ಬಿಟ್ಟ ಜಾಗಕ್ಕೆ ಜೋನ್ಸ್ ಬಂದದ್ದು 1993ರಲ್ಲಿ. ಮೂರು ದಶಕ ಕಳೆದರೂ ಬ್ಯಾಂಡಿನ ಅಧಿಕೃತ ಫೋಟೊದಲ್ಲಿ ಅವರಿಲ್ಲ. ಇಂಥವರನ್ನು ‘ತಾತ್ಕಾಲಿಕ ಸದಸ್ಯ’ ಅಂತ ಬರೆದದ್ದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಮೂವತ್ತು ವರ್ಷ ಇದ್ದವರಿಗೆ ತಾತ್ಕಾಲಿಕ ಅನ್ನಬಹುದೇ? ಹಾಗಾಗಿ ಎಷ್ಟು ಕಾಲ ಇದ್ದರು ಅನ್ನುವುದನ್ನು ಹಿಡಿದು ಪದ ಕಟ್ಟಿದರೆ ಆಗದು.

ಇಯನ್ ಸ್ಟುವರ್ಟ್ ಅವರ ವಿಷಯ ಇನ್ನೂ ಕಷ್ಟದ್ದು. ಇವರು ಸ್ಟೋನ್ಸ್ ಕಟ್ಟಿದವರಲ್ಲೇ ಒಬ್ಬರು, ಪಿಯಾನೊ ನುಡಿಸುತ್ತಿದ್ದರು. 1963ರಲ್ಲಿ ಮ್ಯಾನೇಜರ್ ಆಗಿ ಬಂದ ಆಂಡ್ರೂ ಲೂಗ್ ಓಲ್ಡ್‌ಹ್ಯಾಮ್, ಬ್ಯಾಂಡಿಗೆ ಆರು ಜನ ಜಾಸ್ತಿ, ಜೊತೆಗೆ ಸ್ಟುವರ್ಟ್ ಅವರ ಚಹರೆ ಬೇರೆಯವರ ಜೊತೆ ಹೊಂದುವುದಿಲ್ಲ ಅಂತ ಹೇಳಿ ಅವರನ್ನು ಸದಸ್ಯತ್ವದಿಂದ ತೆಗೆಸಿದರು. ಸ್ಟುವರ್ಟ್ ಬಿಟ್ಟುಹೋಗಲಿಲ್ಲ. ವ್ಯಾನ್ ಓಡಿಸಿದರು, ಆಂಪ್ಲಿಫೈಯರ್ ಹೊತ್ತರು, ರೆಕಾರ್ಡಿಂಗ್‌ನಲ್ಲೂ ವೇದಿಕೆಯಲ್ಲೂ ಪಿಯಾನೊ ನುಡಿಸಿದರು. 1985ರ ಡಿಸೆಂಬರ್‌ನಲ್ಲಿ ತೀರಿಹೋಗುವವರೆಗೂ ಜೊತೆಗಿದ್ದರು. ಅವರು ಬೂಗಿ ವೂಗಿ, ಬ್ಲೂಸ್ ಶೈಲಿಗಳನ್ನು ಬಿಟ್ಟರೆ ಬೇರೆಯದಕ್ಕೆ ಸುಲಭವಾಗಿ ಮಣಿಯುವವರಲ್ಲ. ಮೈನರ್ ಕಾರ್ಡ್ (ತುಸು ದುಃಖದ ಛಾಯೆಯ ಸ್ವರಗುಚ್ಛ) ಬಂದಾಗ ಕೈಯನ್ನು ಕೀಲಿಗಳಿಂದ ಮೇಲಕ್ಕೆ ಎತ್ತಿಬಿಡುತ್ತಿದ್ದರಂತೆ. 1969ರ ಡಿಸೆಂಬರ್‌ನಲ್ಲಿ ಅಲಬಾಮದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊದಲ್ಲಿ ಇಂಥದೇ ಒಂದು ಹಾಡು ಬಂತು. ಸ್ಟುವರ್ಟ್ ಒಲ್ಲೆ ಅಂದರು. ಅಲ್ಲಿಗೆ ಬಂದಿದ್ದ ಜಿಮ್ ಡಿಕಿನ್ಸನ್ ಪಿಯಾನೊ ಮುಂದೆ ಕೂತರು. ಆ ರೆಕಾರ್ಡಿನಲ್ಲಿ ಈಗಲೂ ಕೇಳುವುದು ಡಿಕಿನ್ಸನ್ ಅವರ ಕೈ.

ಈಗ ನೋಡಿ, ಆ ಕೋಣೆಯಲ್ಲಿ ಇಬ್ಬರು ಪಿಯಾನೊದವರು. ಇಬ್ಬರೂ ಸದಸ್ಯರಲ್ಲ. ಒಬ್ಬರು ಆ ಹೊತ್ತಿಗೆ ಮಾತ್ರ ನುಡಿಸಿದವರು. ಇನ್ನೊಬ್ಬರು ಬ್ಯಾಂಡ್ ಹುಟ್ಟಿದಾಗಿನಿಂದ ಇದ್ದವರು, ನನ್ನಿಂದಾಗದು ಅಂತ ಹೇಳುವ ಸಲಿಗೆ ಇದ್ದವರು. ಇಬ್ಬರಿಗೂ ‘ಅತಿಥಿ ವಾದಕ’ ಅಂದರೆ ಸತ್ಯ ಎಲ್ಲಿ ಉಳಿಯುತ್ತದೆ? 1989ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನುವ ಗೌರವಪಟ್ಟಿಗೆ ಸ್ಟೋನ್ಸ್ ಸೇರಿದಾಗ ಸ್ಟುವರ್ಟ್ ಹೆಸರನ್ನೂ ಸೇರಿಸಿದರು. ಡಿಕಿನ್ಸನ್ ಅವರನ್ನು ನಾನು ನೇರವಾಗಿ ‘ಸ್ಟುಡಿಯೊ ವಾದಕ’ ಅನ್ನುತ್ತೇನೆ. ಸ್ಟುವರ್ಟ್ ಅವರಿಗೆ ಒಂದೇ ಪದ ಹುಡುಕುವುದನ್ನು ಬಿಟ್ಟಿದ್ದೇನೆ. ‘ಸ್ಥಾಪಕರಲ್ಲಿ ಒಬ್ಬರು, 1963ರ ನಂತರ ಸದಸ್ಯರಲ್ಲದ ಪಿಯಾನೊ ವಾದಕರು’ ಅಂತ ಪೂರ್ತಿಯಾಗಿಯೇ ಬರೆಯುವುದು ಸರಿ ಅನ್ನಿಸುತ್ತದೆ.

‘ಸ್ಟುಡಿಯೊ ವಾದಕ’ ಮತ್ತು ವೇದಿಕೆಯ ವಾದಕ, ಈ ಎರಡಕ್ಕೆ ಬೇರೆಬೇರೆ ಪದ ಬೇಕೇ ಬೇಕು ಅನ್ನುವುದಕ್ಕೆ ಬ್ಲ್ಯಾಕ್ ಸಬ್ಬತ್ ಬ್ಯಾಂಡನ್ನು ನೋಡಿ. 2013ರ ಆಲ್ಬಂಗೆ ಡ್ರಮ್ಸ್ ನುಡಿಸಿದ್ದು ಬ್ರಾಡ್ ವಿಲ್ಕ್. ಟೂರಿಗೆ ಹೋದದ್ದು ಟಾಮಿ ಕ್ಲುಫೆಟೋಸ್. ಇಬ್ಬರೂ ಸದಸ್ಯರಲ್ಲ. ಮೂಲ ಡ್ರಮ್ಮರ್ ಬಿಲ್ ವಾರ್ಡ್ ಕರಾರಿನ ವಿಷಯದಲ್ಲಿ ಒಮ್ಮತವಾಗದೆ ಹೊರಗುಳಿದಿದ್ದರು. ಬೀಚ್ ಬಾಯ್ಸ್‌ನಲ್ಲಂತೂ 1966ರ ಜನವರಿಯಲ್ಲಿ ಬ್ಯಾಂಡ್ ಜಪಾನಿನಲ್ಲಿ ಟೂರ್ ಮಾಡುತ್ತಿದ್ದರೆ, ಅದೇ ಬ್ಯಾಂಡಿನ ಬ್ರಯನ್ ವಿಲ್ಸನ್ ಲಾಸ್ ಏಂಜಲಿಸ್‌ನಲ್ಲಿ ಕೂತು ಹ್ಯಾಲ್ ಬ್ಲೇನ್, ಕ್ಯಾರಲ್ ಕೇ ಅವರಂಥ ಸ್ಟುಡಿಯೊ ವಾದಕರಿಂದ ಹೊಸ ಆಲ್ಬಂ ನುಡಿಸುತ್ತಿದ್ದರು. ಗ್ಲೆನ್ ಕ್ಯಾಂಬೆಲ್ ಬೀಚ್ ಬಾಯ್ಸ್ ರೆಕಾರ್ಡುಗಳಿಗೆ ಗಿಟಾರ್ ನುಡಿಸಿದವರು, ಬ್ರಯನ್ 1964ರ ಕೊನೆಯಲ್ಲಿ ಟೂರಿನಿಂದ ಹಿಂದೆ ಸರಿದಾಗ ಅವರ ಜಾಗದಲ್ಲಿ ಊರೂರಿಗೂ ಹೋದವರು. ಒಬ್ಬರಿಗೇ ಎರಡೂ ಪದ ಅನ್ವಯಿಸುತ್ತದೆ, ಆದರೆ ಬೇರೆಬೇರೆ ಹೊತ್ತಿನಲ್ಲಿ.

ಟೂರಿಂಗ್‌ಗೆ ನನ್ನ ಸಲಹೆ ‘ತಿರುಗಾಟ’. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ, ಕರಾವಳಿಯಲ್ಲಿ ಯಕ್ಷಗಾನ ಮೇಳ ಹೊರಡುವುದಕ್ಕೆ ತಿರುಗಾಟ ಅಂತಲೇ ಹೇಳುವುದು. ದೀಪಾವಳಿ ಕಳೆದು ಹೊರಟರೆ ತುಳುನಾಡಿನ ಮೇಳಗಳಿಗೆ ಮೇ ಕೊನೆಗೆ ಬರುವ ಪತ್ತನಾಜೆ ದಿನದವರೆಗೂ ತಿರುಗಾಟ. ‘ಈ ಸಲ ಅವರದ್ದು ಯಾವ ಮೇಳದ ತಿರುಗಾಟ?’ ಅಂತ ಕೇಳುತ್ತಾರೆ. ಕಲಾವಿದರು ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಒಬ್ಬರಿಗೆ ಹುಷಾರಿಲ್ಲದಾಗ ಬದಲಿಗೆ ಇನ್ನೊಬ್ಬರು ಬರುವುದು, ಎಲ್ಲಕ್ಕೂ ಅಲ್ಲಿ ಬಳಕೆಯ ಮಾತಿದೆ. ಹಾಗಾಗಿ ‘ತಿರುಗಾಟದ ವಾದಕ’ ಅಂದರೆ ನನ್ನ ಕಿವಿಗೆ ಚೆನ್ನಾಗಿ ಕೂರುತ್ತದೆ. ಆದರೆ ಹಳೇ ಮೈಸೂರಿನ ಗೆಳೆಯರಿಗೆ ಹೇಳಿದರೆ, ತಿರುಗಾಟ ಅಂದರೆ ಸುಮ್ನೆ ಅಲೆಯೋದು ಅಲ್ವಾ, ಕೆಲಸ ಇಲ್ಲದವರ ಹಾಗೆ ಕೇಳುತ್ತೆ ಅಂದರು. ಧಾರವಾಡ, ಕಲಬುರಗಿ ಕಡೆಯವರಿಗೆ ಹೇಗೆ ಕೇಳಿಸುತ್ತದೆ? ಇದನ್ನು ನೀವೇ ಹೇಳಬೇಕು.

‘ಬದಲಿ ವಾದಕ’ ಅನ್ನುವುದನ್ನು ಬೇರೆಯಾಗಿಯೇ ಇಟ್ಟುಕೊಳ್ಳೋಣ. 1964ರ ಜೂನ್‌ನಲ್ಲಿ ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೊ ಸ್ಟಾರ್ ಗಂಟಲು ಬೇನೆಯಿಂದ ಆಸ್ಪತ್ರೆ ಸೇರಿದಾಗ ಜಿಮ್ಮಿ ನಿಕೋಲ್ ಬ್ಯಾಂಡಿನ ಜೊತೆ ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್, ಹಾಂಗ್‌ಕಾಂಗ್ ಸುತ್ತಿ ಅಡಿಲೇಡ್‌ವರೆಗೂ ನುಡಿಸಿದರು. ಮೆಲ್ಬರ್ನ್‌ನಲ್ಲಿ ರಿಂಗೊ ಮತ್ತೆ ಬಂದರು, ನಿಕೋಲ್ ಮನೆಗೆ ಹೋದರು. ಇದು ಶುದ್ಧ ಬದಲಿ. ಡ್ಯಾರಿಲ್ ಜೋನ್ಸ್ ಅವರನ್ನು ಯಾರೂ ಹಾಗೆ ಕರೆಯಲಾರರು.

ಇನ್ನು ‘ಸದಸ್ಯ’. ಈ ಪದ ಸುಲಭ ಅಂದುಕೊಂಡಿದ್ದೆವು, ಹಾಗಿಲ್ಲ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ರಿಚರ್ಡ್ ರೈಟ್ ಮೊದಲಿನಿಂದ ಇದ್ದ ಕೀಬೋರ್ಡ್ ವಾದಕರು. 1979ರಲ್ಲಿ ಆಲ್ಬಂ ಕೆಲಸ ನಡೆಯುತ್ತಿರುವಾಗಲೇ ಇನ್ನೊಬ್ಬ ಸದಸ್ಯ ರಾಜರ್ ವಾಟರ್ಸ್ ಒತ್ತಾಯದಿಂದ ಅವರನ್ನು ಬ್ಯಾಂಡಿನಿಂದ ಹೊರಗಿಟ್ಟರು. ಆದರೆ 1980-81ರ ಶೋಗಳಿಗೆ ಅವರೇ ಬೇಕಾಯಿತು, ಸಂಬಳಕ್ಕೆ ಕರೆದರು. ವೇದಿಕೆ ಮೇಲೆ ದೊಡ್ಡ ಗೋಡೆ ಕಟ್ಟುವ ಆ ಶೋಗಳ ಖರ್ಚು ವಿಪರೀತ. ಉಳಿದ ಮೂವರ ತಲೆಗೆ ನಷ್ಟ ಬಂತು, ಸಂಬಳದ ರೈಟ್ ಒಬ್ಬರ ಕೈಗೇ ಹಣ ಬಂದದ್ದು. 1987ರಲ್ಲಿ ವಾಟರ್ಸ್ ಇಲ್ಲದ ಫ್ಲಾಯ್ಡ್‌ಗೆ ರೈಟ್ ಮರಳಿದರು, ಆಗಲೂ ಸಂಬಳದವರಾಗಿಯೇ. 1994ರ ಆಲ್ಬಂ ಹೊತ್ತಿಗೆ ಮತ್ತೆ ಸದಸ್ಯ. ಒಬ್ಬನೇ ಮನುಷ್ಯ, ಅದೇ ವಾದ್ಯ, ಅದೇ ಹಾಡು. ಬದಲಾದದ್ದು ಕರಾರು. ‘ಮಾಜಿ ಸದಸ್ಯ’, ‘ಹಾಲಿ ಸದಸ್ಯ’ ಅನ್ನುವ ಎರಡು ಪಟ್ಟಿ ಮಾಡಿದರೆ ರೈಟ್ ಯಾವುದಕ್ಕೆ ಸೇರುತ್ತಾರೆ? ಪದದ ಪಕ್ಕದಲ್ಲಿ ಇಸವಿ ಬರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಸದಸ್ಯ ಬದಲು ‘ಪಾಲುದಾರ’ ಅನ್ನೋಣವೇ? ಅದೂ ಪೂರ್ತಿ ಒಪ್ಪುವುದಿಲ್ಲ. ರಾನ್ ವುಡ್ 1975ರಲ್ಲಿ ಸ್ಟೋನ್ಸ್ ಜೊತೆ ಟೂರಿಗೆ ಬಂದರು, ಆಮೇಲೆ ಸದಸ್ಯರಾದರು, ಫೋಟೊದಲ್ಲಿ ಇದ್ದರು, ಎಲ್ಲರಿಗೂ ಅವರು ಸ್ಟೋನ್ಸ್‌ನವರೇ. ಆದರೆ ಬಹಳ ವರ್ಷ ಅವರಿಗೆ ಸಿಗುತ್ತಿದ್ದದ್ದು ಸಂಬಳ, ಪಾಲಲ್ಲ. ಪಾಲು ಸಿಕ್ಕಿದ್ದು ವೈಮನ್ ಹೋದ ಮೇಲೆ. ಹಾಗಾಗಿ ಹೆಸರಿನ ಮಟ್ಟಿಗೆ ‘ಸದಸ್ಯ’ ಅನ್ನೋಣ. ಹಣದ ಮಾತು ಬಂದಾಗ ಮಾತ್ರ ‘ಪಾಲು ಇದ್ದವರು’, ‘ಸಂಬಳದವರು’ ಅಂತ ಬಿಡಿಸಿ ಹೇಳೋಣ. ‘ಬಾಡಿಗೆ ವಾದಕ’ ಅನ್ನುವುದನ್ನು ದಯವಿಟ್ಟು ಯಾರೂ ಬಳಸಬೇಡಿ. ನಮ್ಮಲ್ಲಿ ಬಾಡಿಗೆ ಅಂದರೆ ಬಾಡಿಗೆ ಗೂಂಡಾ, ಬಾಡಿಗೆ ಜನ ನೆನಪಾಗುತ್ತಾರೆ. ಕೈಚಳಕದಿಂದ ಅನ್ನ ಸಂಪಾದಿಸುವವರಿಗೆ ಅದು ಅವಮಾನ.

ಲೈನಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರಿಕೆಟ್ ವರದಿಗಳಲ್ಲಿ ‘ಹನ್ನೊಂದರ ಬಳಗ’ ಅಂತ ಬರೆಯುತ್ತಾರಲ್ಲ, ಅದೇ ‘ಬಳಗ’ ಇಲ್ಲಿಗೂ ಸಾಕು. ಡೀಪ್ ಪರ್ಪಲ್ ಬ್ಯಾಂಡಿನ ಅಭಿಮಾನಿಗಳು ಅದರ ಲೈನಪ್‌ಗಳನ್ನು ಮಾರ್ಕ್ 1, ಮಾರ್ಕ್ 2 ಅಂತ ಎಣಿಸುತ್ತಾರೆ. ಬ್ಲ್ಯಾಕ್‌ಮೋರ್, ಗಿಲನ್, ಗ್ಲೋವರ್, ಲಾರ್ಡ್, ಪೇಸ್ ಇದ್ದದ್ದು ಮಾರ್ಕ್ 2. ಇದನ್ನು ‘ಎರಡನೇ ಬಳಗ’ ಅನ್ನಬಹುದು. ಎಲ್ಲ ಬಳಗಗಳಲ್ಲೂ ಇದ್ದವರು ಡ್ರಮ್ಮರ್ ಇಯನ್ ಪೇಸ್ ಒಬ್ಬರೇ, ಅಂತ ಬರೆದರೆ ಯಾರಿಗೂ ಗೊಂದಲವಾಗದು.

ಬ್ಯಾಂಡ್ ಅನ್ನುವುದನ್ನು ಬ್ಯಾಂಡ್ ಅಂತಲೇ ಬಿಡುತ್ತೇನೆ. ‘ವಾದ್ಯವೃಂದ’ ಅಂದರೆ ಬೇರೆ ಏನೋ ಆಗುತ್ತದೆ.

ನಿಮ್ಮಿಂದ ನನಗೆ ಬೇಕಾದದ್ದು ಎರಡು. ಒಂದು, ‘ತಿರುಗಾಟದ ವಾದಕ’ ನಿಮ್ಮ ಊರಿನ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದು. ಎರಡು, ಬೆಂಗಳೂರಿನ ಸ್ಟುಡಿಯೊಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ತಬಲಾ, ಕೀಬೋರ್ಡ್, ಗಿಟಾರ್ ನುಡಿಸಿ ದುಡಿಯುವವರ ಪರಿಚಯ ಯಾರಿಗಾದರೂ ಇದ್ದರೆ, ಅವರು ತಮ್ಮೊಳಗೆ ಒಬ್ಬರನ್ನೊಬ್ಬರು ಏನಂತ ಕರೆಯುತ್ತಾರೆ ಅಂತ ಕೇಳಿ ಬರೆಯಿರಿ. ಅವರ ಬಾಯಲ್ಲಿ ಈಗಾಗಲೇ ಒಂದು ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಬಳಸುತ್ತೇನೆ.