ವೋಟರ್ ಐಡಿ ಕಳೆದುಹೋಗಿದೆ, ಬೂತಿನಲ್ಲಿ ಬಿಡುತ್ತಾರಾ?

ಕೇಳಿದ್ದು: ಮನೆ ಬದಲಾಯಿಸುವಾಗ ಅಮ್ಮನ ವೋಟರ್ ಐಡಿ ಎಲ್ಲೋ ಕಳೆದುಹೋಯಿತು. ನನ್ನ ಕಾರ್ಡ್ ಇದೆ, ಆದರೆ ಹೆಸರಿನಲ್ಲಿ ಒಂದಕ್ಷರ ತಪ್ಪು. ವಿಧಾನಸಭೆಗೆ ಮತದಾನ ಇನ್ನು ನಾಲ್ಕೇ ದಿನ. ವಾಪಸ್ ಕಳಿಸಿಬಿಟ್ಟರೆ ಅಂತ ಭಯ. ಯಾರಿಗಾದರೂ ಹೀಗೆ ಆಗಿತ್ತಾ?

ಉತ್ತರ: ನಾನು ಮೇಷ್ಟ್ರು. ಮೂರು ಸಲ ಮೊದಲನೇ ಪೋಲಿಂಗ್ ಆಫೀಸರ್ ಆಗಿ ಕೂತಿದ್ದೇನೆ, ಅಂದರೆ ಗುರುತಿನ ಚೀಟಿ ನೋಡುವ ಕುರ್ಚಿ. ನಮ್ಮ ಮುಂದೆ ಮತದಾರರ ಪಟ್ಟಿಯ ಪ್ರತಿ ಇರುತ್ತದೆ. ನೀವು ಬಂದ ತಕ್ಷಣ ಅದರಲ್ಲಿ ಹೆಸರು ಹುಡುಕಿ ಜೋರಾಗಿ ಓದುತ್ತೇವೆ, ಹಿಂದೆ ಕೂತ ಏಜೆಂಟರಿಗೆ ಕೇಳಿಸಲಿ ಅಂತ. ಆಮೇಲೆ ಹೆಸರಿನ ಕೆಳಗೆ ಗೆರೆ. ಹೆಂಗಸರಾದರೆ ಗೆರೆ ಜೊತೆ ಒಂದು ಟಿಕ್. ಫೋಟೋ ಕಾರ್ಡಿನ ಕೆಲಸ ಇಷ್ಟೇ: ಆ ಹೆಸರಿನವರು ಇವರೇ ಅಂತ ತೋರಿಸುವುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೊಳೆಯುವ ಕಾರ್ಡ್ ಹಿಡಿದು ಬಂದರೂ ನಾವು ಏನೂ ಮಾಡುವ ಹಾಗಿಲ್ಲ. ಹಾಗೆ ಜಗಳವಾಡಿ ಹೋದವರನ್ನು ಪ್ರತಿ ಸಲ ನೋಡಿದ್ದೇನೆ.

ಅಮ್ಮನಿಗೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ಕಾಗದ, ಇದರಲ್ಲಿ ಯಾವುದೋ ಒಂದು ಸಾಕು. ಮೂಲ ಪ್ರತಿಯೇ ಇರಲಿ, ಜೆರಾಕ್ಸ್ ಬೇಡ. ರೇಷನ್ ಕಾರ್ಡ್ ತರುವವರು ಬಹಳ, ಅದು ಆಯೋಗದ ಪಟ್ಟಿಯಲ್ಲಿ ಇಲ್ಲ. ನಿಮ್ಮ ಒಂದಕ್ಷರದ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಡಿ. ಆಳು ಇವರೇ ಅಂತ ಗೊತ್ತಾದರೆ ಅಂಥ ಸಣ್ಣ ತಪ್ಪನ್ನು ಬಿಟ್ಟುಬಿಡಿ ಅಂತ ನಮಗೇ ಸೂಚನೆ ಇದೆ. ಫೋಟೋನೇ ಹೊಂದದಿದ್ದರೆ ಮಾತ್ರ ಬೇರೆ ದಾಖಲೆ ಕೇಳುತ್ತೇವೆ. (ಹಳೇ ಕಪ್ಪು-ಬಿಳುಪು ಕಾರ್ಡಿನ ಫೋಟೋ ನೋಡಿ ಜನರನ್ನು ಗುರುತಿಸುವುದು ಒಂದು ವಿದ್ಯೆ. ನನ್ನ ಕಾರ್ಡಿನಲ್ಲಿರುವವನನ್ನು ನಾನೇ ಒಳಗೆ ಬಿಡುತ್ತಿರಲಿಲ್ಲ.)

ಇನ್ನೊಬ್ಬರು: 2019ರಲ್ಲಿ ನಾನು ಎಡವಿದ್ದು ಚೀಟಿಯಲ್ಲಿ. ಮನೆಗೆ ಬಂದ ವೋಟರ್ ಸ್ಲಿಪ್‌ನಲ್ಲಿ ನನ್ನ ಫೋಟೋನೂ ಇತ್ತು, ಅದನ್ನೇ ಹಿಡಿದು ಹೋದೆ. ಅದೊಂದೇ ನಡೆಯುವುದಿಲ್ಲ ಅಂದರು, ಆ ವರ್ಷದಿಂದ ನಿಯಮ ಬದಲಾಗಿತ್ತು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದು ದಂಡ. ಮನೆಗೆ ಬಂದು ಪಾನ್ ಕಾರ್ಡ್ ತಗೊಂಡು ಮತ್ತೆ ಸಾಲಿನ ಕೊನೆಗೆ ಸೇರಿದೆ. ಸ್ಲಿಪ್ ಬೇಡ ಅಂತಲ್ಲ, ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಅದರಲ್ಲೇ ಇರುತ್ತದೆ, ಬೇಗ ಹುಡುಕಬಹುದು. ಮತ್ತೆ, ಫೋನಿನಲ್ಲಿ ಆಧಾರ್ ತೋರಿಸ್ತೀನಿ ಅಂತ ಹೋಗಬೇಡಿ. ಫೋನನ್ನೇ ಒಳಗೆ ಬಿಡುವುದಿಲ್ಲ.

ಮತ್ತೊಬ್ಬರು: ನನ್ನ ಕಥೆ ಬೇರೆ. ಕಾರ್ಡ್ ಸರಿ, ಹೆಸರೂ ಇತ್ತು. ಆದರೆ ಅದರ ಕೆಳಗೆ ಆಗಲೇ ಗೆರೆ ಬಿದ್ದಿತ್ತು! ಯಾರೋ ನನ್ನ ಓಟು ಹಾಕಿ ಹೋಗಿದ್ದರು. ನನ್ನ ಎಡಗೈ ಬೆರಳಿನಲ್ಲಿ ಶಾಯಿ ಇರಲಿಲ್ಲ, ಅದನ್ನೇ ಮುಂದೆ ಚಾಚಿದೆ. ಪ್ರಿಸೈಡಿಂಗ್ ಆಫೀಸರ್ ನಾಲ್ಕು ಪ್ರಶ್ನೆ ಕೇಳಿ, ಸಹಿ ಮಾಡಿಸಿಕೊಂಡು, ಕಾಗದದ ಮತಪತ್ರ ಕೊಟ್ಟರು. ಟೆಂಡರ್ಡ್ ಓಟು ಅನ್ನುತ್ತಾರೆ. ಮಿಷಿನ್ ಒತ್ತಲು ಬಿಡಲಿಲ್ಲ, ಮತಪತ್ರ ಬೇರೆ ಲಕೋಟೆಗೆ ಹೋಯಿತು. ಮಾಮೂಲಿ ಎಣಿಕೆಗೆ ಅದು ಬರುವುದಿಲ್ಲವಂತೆ, ಬೇಜಾರಾಯಿತು. ಆದರೂ ಸುಮ್ನೆ ಮನೆಗೆ ಬರಬೇಡಿ, ಕೇಳಿ ಪಡೆಯಿರಿ. ಈಗ ನಾನು ಬೆಳಗ್ಗೆ 7ಕ್ಕೇ ಹೋಗಿ ನಿಲ್ಲುತ್ತೇನೆ.

ಇನ್ನೊಬ್ಬರು: ಮನೆ ಬದಲಾಯಿಸಿದ್ದೀರಿ ಅಂದಿರಲ್ಲ, ಪಟ್ಟಿಯಲ್ಲೂ ಬದಲಾಯಿಸಿದ್ದೀರಾ? ಅದಕ್ಕೆ ಫಾರ್ಮ್ 8. ಕಳೆದ ಕಾರ್ಡಿಗೂ ಅದೇ ಫಾರ್ಮ್. ಈ ನಾಲ್ಕು ದಿನದಲ್ಲಿ ಆಗುವ ಕೆಲಸ ಅಲ್ಲ. 1950ಕ್ಕೆ ಫೋನ್ ಮಾಡಿ, ಇಲ್ಲಾ ಚುನಾವಣಾ ಆಯೋಗದ ಆಪ್‌ನಲ್ಲಿ ಇಬ್ಬರ ಹೆಸರೂ ಈಗಲೇ ಹುಡುಕಿ.

ಕೇಳಿದವರು: ಹುಡುಕಿದೆ. ಇಬ್ಬರದೂ ಹಳೇ ಏರಿಯಾದ ಪಟ್ಟಿಯಲ್ಲೇ ಇದೆ. ನಾನು ಹೊಸ ಮನೆ ಪಕ್ಕದ ಶಾಲೆಗೆ ಹೋಗಿ ನಿಲ್ಲುವವಳಿದ್ದೆ! ಅಮ್ಮನ ಪಿಂಚಣಿ ಪುಸ್ತಕದಲ್ಲಿ ಫೋಟೋ ಇದೆ, ಆಧಾರ್ ಕೂಡ ಚೀಲಕ್ಕೆ ಹಾಕಿದೆ. ಹಳೇ ಬೂತಿಗೆ ಆಟೋ ಹೇಳಿದ್ದೇನೆ, ಬೆಳಗ್ಗೆ ಆರೂವರೆಗೆ.